ಕಂಠದಾನದ ಲೆಕ್ಕ: ಬಿ. ಜಯಶ್ರೀ ಅವರ ಹಿನ್ನೋಟವನ್ನು ಕಿವಿಯಿಂದ ಓದುವುದು

(ನಟಿಯರ ಆತ್ಮಕಥನಗಳನ್ನು ಕುರಿತ ಆನ್‌ಲೈನ್ ವಿಚಾರಸಂಕಿರಣದಲ್ಲಿ ವಳಸಂಗದಿಂದ ಮಾತಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ದನಿ ಕೇಳಸ್ತದೇನ್ರಿ? ಸರಿ. ಇಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ ಇರೋದರಿಂದ ವಿಡಿಯೋ ಬಂದ್ ಮಾಡೀನಿ. ಮುಖ ಕಾಣೂದಿಲ್ಲ, ದನಿ ಮಾತ್ರ ಬರ್ತದ. ಇವತ್ತು ನಾನು ಮಾತಾಡಬೇಕಂತ ಇರೋ ವಿಷಯಕ್ಕ ಇದೇನೂ ಕೊರತೆ ಅಲ್ಲ.

ನಾನು ಮಾತಾಡ್ತಿರೋದು ವಳಸಂಗದಿಂದ. ಸಾಂಗಲಿ ಜಿಲ್ಲೆ, ಜತ್ತ ತಾಲೂಕು. ಮನೆಯಾಗ ಕನ್ನಡ, ಕಚೇರಿಯಾಗ ಮರಾಠಿ. ರಾಜ್ಯ ಮಹಾರಾಷ್ಟ್ರ, ಜಾತ್ರೆಗೆ ಆಡುವ ನಾಟಕ ಕನ್ನಡ. ಈ ನಾಟಕದ ಒಂದು ನೆನಪಿನಿಂದಲೇ ಶುರು ಮಾಡ್ತೀನಿ, ಯಾಕಂದ್ರ ಇಂದಿನ ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ.

1. ಎಸ್‌ಟಿ ಸ್ಟ್ಯಾಂಡಿನಲ್ಲಿ ಒಂದು ದನಿ

ನಮ್ಮ ಕಡೆ ಊರ ಮಂದಿ ಕೂಡಿ ನಾಟಕ ಆಡುವಾಗ ಗಂಡಸರ ಪಾತ್ರ ಊರಿನವರದು, ಹೆಂಗಸರ ಪಾತ್ರಕ್ಕೆ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಒಂದು ರಾತ್ರಿಯ ಕರಾರು. ಬೆಳಗಿನ ತನಕ ನಾಟಕ, ಮುಂಜಾನೆ ಎಸ್‌ಟಿ ಹತ್ತಿ ಮುಂದಿನ ಊರಿಗೆ. ನಾನು ಸಣ್ಣಾಂವಿದ್ದಾಗ ಒಂದು ರಾತ್ರಿ ಮುಂದೆ ಕೂರಲು ಜಾಗ ಸಿಗದೆ ದೂರದ ಒಂದು ಕಟ್ಟೆಯ ಮೇಲೆ ಕೂತು, ರಂಗ ಸರಿಯಾಗಿ ಕಾಣದೆ, ಲೌಡ್‌ಸ್ಪೀಕರಿನಲ್ಲಿ ಬಂದದ್ದನ್ನಷ್ಟೇ ಕೇಳಿದೆ. ನಾಯಕಿ ಅತ್ತಳು, ನಕ್ಕಳು, ಸೊಸೆಯಾಗಿ ತಲೆ ತಗ್ಗಿಸಿ ಮಾತಾಡಿದಳು, ಕೊನೆಗೆ ಗೌಡನ ಮುಂದೆ ಎದೆ ಸೆಟೆಸಿ ನಿಂತಳು. ನಿಂತದ್ದು ನನಗೆ ಕಾಣಲಿಲ್ಲ. ದನಿಯಿಂದ ಗೊತ್ತಾಯಿತು.

ಮರುದಿನ ಸ್ಟ್ಯಾಂಡಿನಲ್ಲಿ ಬಣ್ಣ ತೊಳೆದ ಮುಖದ, ಕೈಯಲ್ಲಿ ರೇಕಿನ ಪೆಟ್ಟಿಗೆ ಹಿಡಿದ ಒಬ್ಬ ಹೆಣ್ಣುಮಗಳು ನಿಂತಿದ್ದರು. ಯಾರೂ ಗುರುತು ಹಿಡಿಯಲಿಲ್ಲ. ಅವರು ಚಾದಂಗಡಿಯವನಿಗೆ "ಯಣ್ಣಾ, ಅರ್ಧ ಕಪ್ ಚಾ ಕೊಡೊ" ಅಂದರು. ಅಷ್ಟಕ್ಕೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾತ್ರಿಯ ನಾಯಕಿ! ಮುಖ ಯಾರ ಗುರುತಿಗೂ ಸಿಗದಿದ್ದಾಗ ದನಿ ಸಿಕ್ಕಿತ್ತು.

ಆ ನಟಿಯ ಹೆಸರು ಹ್ಯಾಂಡ್‌ಬಿಲ್ಲಿನಲ್ಲಿ ಇದ್ದಿರಬೇಕು. ಹ್ಯಾಂಡ್‌ಬಿಲ್ ಯಾರ ಹತ್ತಿರವೂ ಉಳಿದಿಲ್ಲ. ಅವರು ಹಿಂದಿರುಗಿ ನೋಡಿ ತಮ್ಮ ಬದುಕನ್ನು ಹೇಳಿದ್ದರೆ ಏನು ಹೇಳುತ್ತಿದ್ದರು? ಯಾರು ಬರೆದುಕೊಳ್ಳುತ್ತಿದ್ದರು? ಈ ಪ್ರಶ್ನೆ ಇಟ್ಟುಕೊಂಡು, ಹಿಂದಿರುಗಿ ನೋಡುವ ಅವಕಾಶ ಸಿಕ್ಕ ಒಬ್ಬ ಹಿರಿಯ ನಟಿಯ ಕಡೆಗೆ ಬರ್ತೀನಿ. ಬಿ. ಜಯಶ್ರೀ. ಅವರ ರಂಗಭೂಮಿಯ ಅನುಭವ ಕಥನದ ಹೆಸರು 'ಕಣ್ಣಾಮುಚ್ಚೇ ಕಾಡೇಗೂಡೇ'. ನಿರೂಪಣೆ ಪ್ರೀತಿ ನಾಗರಾಜ್ ಅವರದು.

2. ಶೀರ್ಷಿಕೆಯೊಳಗಿನ ಆಟ

ಕಣ್ಣಾಮುಚ್ಚಾಲೆ ಆಟ ನಮಗೆಲ್ಲ ಗೊತ್ತು. ಒಬ್ಬರ ಕಣ್ಣು ಮುಚ್ಚುತ್ತಾರೆ, ಉಳಿದವರು ಅಡಗುತ್ತಾರೆ. ಕಣ್ಣು ಮುಚ್ಚಿದವರಿಗೆ ಇರುವುದು ಕಿವಿ ಒಂದೇ. ಯಾರ ಹೆಜ್ಜೆ ಯಾವ ಕಡೆಗೆ ಹೋಯಿತು, ಯಾರು ನಗು ತಡೆದುಕೊಳ್ತಿದ್ದಾರೆ ಎಂಬುದನ್ನೆಲ್ಲ ಕೇಳಿಯೇ ಊಹಿಸಬೇಕು. ರಂಗಭೂಮಿಯ ಆತ್ಮಕಥನಕ್ಕೆ ಇಂಥ ಹೆಸರಿದ್ದರೆ ಮೊದಲು ಹೊಳೆಯುವ ಅರ್ಥ ಸರಳ: ಬದುಕು ಒಂದು ಆಟ, ಸಿಕ್ಕಿದ್ದು ಕೆಲವು, ಅಡಗಿಕೊಂಡದ್ದು ಹಲವು. ಆದರೆ ಜಯಶ್ರೀ ಅವರ ವೃತ್ತಿಬದುಕನ್ನು ತಿಳಿದವರಿಗೆ ಈ ಹೆಸರು ಇನ್ನೊಂದು ರೀತಿಯಲ್ಲೂ ಕೇಳಿಸಬೇಕು. ರಂಗದ ಮೇಲೆ ಎಲ್ಲರ ಕಣ್ಣೆದುರು ನಿಂತ ನಟಿ, ಸಿನಿಮಾದಲ್ಲಿ ಬಹಳಷ್ಟು ಸಲ ಬೇರೆಯವರ ಮುಖದ ಹಿಂದೆ ಅಡಗಿ ಮಾತಾಡಿದವರು.

ಇದು ನನ್ನ ವಾದದ ಸಾರ. ಜಯಶ್ರೀ ಅವರ ರಂಗ–ಸಿನಿಮಾ ಪಯಣವನ್ನು ಪಾತ್ರಗಳ ಪಟ್ಟಿಯಾಗಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಅದನ್ನು ದನಿಯ ಚರಿತ್ರೆಯಾಗಿ ಓದಬೇಕು. ಹಾಗೆ ಓದಿದಾಗ ನಮ್ಮ ವಿಮರ್ಶೆಯ ಒಂದು ಬಡತನವೂ ಬಯಲಾಗುತ್ತದೆ. ಆಡಿದ ಮಾತಿನ ನಟನೆಯನ್ನು ಅಳೆಯುವ ಪರಿಭಾಷೆ ನಮ್ಮಲ್ಲಿ ಬೆಳೆದೇ ಇಲ್ಲ.

3. ಹೆಣ್ಣು ಇಲ್ಲದ ರಂಗದಿಂದ ಗುಬ್ಬಿ ಕಂಪನಿಯ ಮೊಮ್ಮಗಳವರೆಗೆ

ಸ್ವಲ್ಪ ಹಿನ್ನೆಲೆ ಬೇಕು. ನಮ್ಮ ಜಿಲ್ಲೆಯ ಮುಖ್ಯ ಊರು ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ 'ಸೀತಾಸ್ವಯಂವರ' ಆಡಿಸಿದರು. ಆಧುನಿಕ ಮರಾಠಿ ರಂಗಭೂಮಿಯ ಮೊದಲ ನಾಟಕ ಎಂದು ಅದನ್ನು ಎಣಿಸುತ್ತಾರೆ. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕಡೆಯಿಂದ ಸಾಂಗಲಿಗೆ ಬಂದ ಕನ್ನಡ ಭಾಗವತ ಮೇಳದ ಆಟ ಎಂಬುದನ್ನು ಮರಾಠಿ ರಂಗಚರಿತ್ರೆಯವರೇ ಬರೆದಿದ್ದಾರೆ. ಕನ್ನಡ–ಮರಾಠಿ ಕೊಡುಕೊಳೆ ನಮಗೆ ಹೊಸದಲ್ಲ. ಆದರೆ ಆ ಸೀತೆ ಹೆಣ್ಣಾಗಿರಲಿಲ್ಲ. ಸೀತೆಯ ಪಾತ್ರವೂ ಗಂಡಸರದೇ. ಮುಂದೆ ಇದೇ ಜಿಲ್ಲೆಯ ನಾಗಠಾಣೆಯ ನಂಟಿನ ಬಾಲಗಂಧರ್ವರು (1888–1967) ಸ್ತ್ರೀಪಾತ್ರವನ್ನು ಎಂಥ ಎತ್ತರಕ್ಕೆ ಒಯ್ದರೆಂದರೆ, ಹೆಂಗಸರು ಅವರನ್ನು ನೋಡಿ ಸೀರೆ ಉಡುವುದನ್ನು ಕಲಿತರು ಅಂತ ಇವತ್ತಿಗೂ ಹೇಳ್ತಾರ. ಹೆಣ್ಣಿನ ನಡೆ, ಹೆಣ್ಣಿನ ದನಿ ಹೇಗಿರಬೇಕು ಅನ್ನೋದನ್ನ ಗಂಡಸರು ತೀರ್ಮಾನಿಸಿದ ಕಾಲ ಅದು.

ಕನ್ನಡದಲ್ಲಿ ಹೆಂಗಸರೇ ಹೆಂಗಸರ ಪಾತ್ರ ಮಾಡುವುದಕ್ಕೆ ದೊಡ್ಡ ಬಲ ಕೊಟ್ಟವರು ಗುಬ್ಬಿ ವೀರಣ್ಣ (1891–1972). ಅವರ ಪತ್ನಿಯರಾದ ಸುಂದರಮ್ಮ, ಭದ್ರಮ್ಮ, ಬಿ. ಜಯಮ್ಮ ಮೂವರೂ ನಟಿಯರು. ವೀರಣ್ಣನವರ ಮಗಳು ಮಾಲತಮ್ಮ. ಮಾಲತಮ್ಮನವರ ಮಗಳು, 1950ರಲ್ಲಿ ಹುಟ್ಟಿದ ಜಯಶ್ರೀ. ಕಂಪನಿಯ ನೆರಳಲ್ಲೇ ಬೆಳೆದು ಸಣ್ಣ ವಯಸ್ಸಿನಲ್ಲೇ ಬಣ್ಣ ಹಚ್ಚಿದವರು. ಆಮೇಲೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ. ಇಬ್ರಾಹಿಂ ಅಲ್ಕಾಜಿ ನಿರ್ದೇಶಕರಾಗಿದ್ದ ಕಾಲದಲ್ಲಿ ಕಲಿತು 1973ರಲ್ಲಿ ಪದವಿ ಪಡೆದರು. 1976ರಲ್ಲಿ ಬೆಂಗಳೂರಿನಲ್ಲಿ 'ಸ್ಪಂದನ' ತಂಡ ಕಟ್ಟಿದರು. 'ಲಕ್ಷಾಪತಿ ರಾಜನ ಕಥೆ', 'ಕರಿಮಾಯಿ' ಈ ತಂಡದ ಹೆಸರಾದ ಪ್ರಯೋಗಗಳು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, ಮೈಸೂರು ರಂಗಾಯಣದ ನಿರ್ದೇಶಕ ಸ್ಥಾನ, 2010ರಿಂದ 2016ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯತ್ವ, 2013ರಲ್ಲಿ ಪದ್ಮಶ್ರೀ.

ಈ ಪಟ್ಟಿ ಎಲ್ಲರಿಗೂ ಗೊತ್ತಿರೋದು. ನಾನು ಗಮನ ಸೆಳೆಯೋದು ಒಂದೇ ಸಂಗತಿಗೆ. ಕಂಪನಿ ನಾಟಕದಲ್ಲಿ ದನಿ ಮೊದಲು. ಮೈಕು ಕಡಿಮೆ ಇದ್ದ ಕಾಲದಲ್ಲಿ ಹಿಂದಿನ ಸಾಲಿನವನಿಗೆ ಮಾತು ಮುಟ್ಟದಿದ್ದರೆ ಪಾತ್ರವೇ ಇಲ್ಲ. ನಟಿ ಹಾಡಬೇಕು, ಹಾಡಿನಿಂದ ಮಾತಿಗೆ ಇಳಿಯಬೇಕು, ಪೇಟಿ ಮಾಸ್ತರ ಶ್ರುತಿಯನ್ನು ಬಿಡದೆ ಮತ್ತೆ ಹಾಡಿಗೆ ಏರಬೇಕು. ನಾಟಕ ಶಾಲೆಯಲ್ಲಿ ದನಿಗೆ ಬೇರೆ ಶಿಸ್ತು: ಉಸಿರು, ಉಚ್ಚಾರ, ವಾಕ್ಯದೊಳಗಿನ ಅರ್ಥ. ಮೊದಲನೆಯದು ದನಿಯನ್ನು ದೂರಕ್ಕೆ ಒಯ್ಯುತ್ತದೆ, ಎರಡನೆಯದು ಒಳಕ್ಕೆ. ಜಯಶ್ರೀ ಅವರ ದನಿಯಲ್ಲಿ ಎರಡೂ ಸೇರಿವೆ. ಕನ್ನಡದಲ್ಲಿ ಈ ಎರಡು ಶಾಲೆಗಳನ್ನು ಒಂದೇ ಗಂಟಲಲ್ಲಿ ಕೂಡಿಸಿಕೊಂಡವರು ಕಡಿಮೆ. ಇಷ್ಟು ದೊಡ್ಡ ಬಂಡವಾಳ ಸಿನಿಮಾಕ್ಕೆ ಬಂದಾಗ ಏನಾಯಿತು?

4. ದಾನ ಅನ್ನೋ ಮಾತು

ಕನ್ನಡ ಚಿತ್ರರಂಗದಲ್ಲಿ ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ, ಸುಮಲತಾ ಇಂಥ ಪ್ರಸಿದ್ಧ ನಾಯಕಿಯರಿಗೆ ಜಯಶ್ರೀ ದನಿ ಕೊಟ್ಟಿದ್ದಾರೆ. ಇವರಲ್ಲಿ ಹಲವರು ಬೇರೆ ಭಾಷೆಯ ನಾಡಿನಿಂದ ಬಂದವರು. ಪ್ರೇಕ್ಷಕರು ಆ ಮುಖಗಳನ್ನು ಪ್ರೀತಿಸಿದರು. ಆದರೆ ಆ ಮುಖ ಕನ್ನಡದ ಹುಡುಗಿ, ಕನ್ನಡದ ಹೆಂಡತಿ, ಕನ್ನಡದ ತಾಯಿ ಅಂತ ನಂಬಿಸಿದ್ದು ಯಾವುದು? ಮಾತು. ಸಿಟ್ಟು ಬಂದಾಗ ವಾಕ್ಯ ಎಲ್ಲಿ ಮುರಿಯುತ್ತದೆ, ಅಳು ತಡೆದಾಗ ಯಾವ ಅಕ್ಷರ ಒದ್ದೆಯಾಗುತ್ತದೆ ಎಂಬ ನಟನೆಯ ಭಾಗವನ್ನು ಮಾಡಿದವರು ಪರದೆಯ ಮೇಲೆ ಇರಲಿಲ್ಲ.

ಇದಕ್ಕೆ ನಾವು ಕೊಟ್ಟಿರೋ ಹೆಸರು ನೋಡ್ರಿ: 'ಕಂಠದಾನ'. ಕೇಳೋದಕ್ಕೆ ಭಾಳ ಚಂದ. ರಕ್ತದಾನ, ನೇತ್ರದಾನ, ಅನ್ನದಾನ ಇದ್ದ ಹಾಂಗ. ಆದರೆ ದಾನ ಕೊಟ್ಟವರು ಲೆಕ್ಕ ಕೇಳಬಾರದು, ಹೆಸರು ಕೇಳಬಾರದು, ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅನ್ನೋ ನೀತಿಯೂ ಆ ಶಬ್ದದ ಜೊತೆಗೇ ಬರ್ತದ. ಸ್ಟುಡಿಯೋದಲ್ಲಿ ನಿಂತು, ಪರದೆಯ ಮೇಲಿನ ತುಟಿಗೆ ಮಾತು ಕೂಡಿಸಿ, ಮತ್ತೆ ಮತ್ತೆ ಹೇಳಿ ಮಾಡುವ ಕೆಲಸ ದುಡಿಮೆ. ಅದಕ್ಕೆ ಕೂಲಿ ಇದೆ. ಅದನ್ನು ದಾನ ಅಂದ ಕೂಡಲೇ ದುಡಿಮೆ ಮರೆಯಾಗ್ತದ, ದುಡಿದವರೂ ಮರೆಯಾಗ್ತಾರ.

ನಮ್ಮ ತಾಲೂಕಿನವರಿಗೆ ದಾನ ಅಂದರೆ ಗುಡ್ಡಾಪುರ ನೆನಪಾಗ್ತದ. ಉಮರಾಣಿಯ ಲಿಂಗಮ್ಮ, ದಾನಕ್ಕೆ ಹೆಸರಾಗಿ ದಾನಮ್ಮ ಆದಳು ಅನ್ನೋದು ಭಕ್ತರ ಬಾಯಲ್ಲಿರುವ ಕಥೆ. ಅಲ್ಲಿ ದಾನ ಆ ಹೆಣ್ಣುಮಗಳಿಗೆ ಹೊಸ ಹೆಸರು ಕೊಟ್ಟಿತು. ಕಂಠದಾನದಲ್ಲಿ ಆಗೋದು ಇದರ ಉಲ್ಟಾ. ಕೊಟ್ಟವರ ಹೆಸರೇ ಹೋಗ್ತದ.

ಹಾಡಿನ ಕಥೆ ಬೇರೆ. ಇಲ್ಲಿಂದ ಕೃಷ್ಣಾ ನದಿ ದಾಟಿದರೆ ಬೀಳಗಿ ದೂರವಿಲ್ಲ. ಆ ಊರಿನ ಅಮೀರಬಾಯಿ ಕರ್ನಾಟಕಿ 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿದರು, ಪರದೆಯ ಮೇಲೆ ಮುಖ ಮುಮ್ತಾಜ್ ಶಾಂತಿ ಅವರದು. ಅಮೀರಬಾಯಿ ನಟಿಯೂ ಹೌದು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ಮಂಡಳಿಯಲ್ಲಿ ಸ್ತ್ರೀಪಾತ್ರ ವಹಿಸಿದವರು. ಅಂದರೆ ಬೇರೆಯವರ ಮುಖಕ್ಕೆ ದನಿಯಾಗುವುದು ಈ ಸೀಮೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ಶುರುವಿನಲ್ಲಿ ಹಾಡುವವರಿಗೂ ಹೆಸರಿನ ಭಾಗ್ಯ ಇರಲಿಲ್ಲ. 1949ರ 'ಮಹಲ್' ಚಿತ್ರದ ಗ್ರಾಮಫೋನ್ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಪಾತ್ರದ ಹೆಸರು 'ಕಾಮಿನಿ' ಇತ್ತು. ಕೇಳುಗರು ಯಾರು ಹಾಡಿದ್ದು ಅಂತ ಕೇಳತೊಡಗಿದರು. ಕಾಲ ಬದಲಾಯಿತು, ಹಿನ್ನೆಲೆ ಗಾಯಕಿ ಎಂಬುದೇ ಒಂದು ದೊಡ್ಡ ಹೆಸರಾಯಿತು.

ಮಾತಿನ ವಿಷಯದಲ್ಲಿ ಹಾಗೆ ಕೇಳಿದವರು ಕಡಿಮೆ. ಜಯಶ್ರೀ ಅವರದೇ ಉದಾಹರಣೆ ತಗೊಳ್ರಿ. 2001ರ 'ನನ್ನ ಪ್ರೀತಿಯ ಹುಡುಗಿ' ಚಿತ್ರದ 'ಕಾರ್ ಕಾರ್' ಹಾಡಿನಲ್ಲಿ ಅವರ ದನಿ ಇದೆ. ಆ ಹಾಡು ಮನೆಮನೆ ಮುಟ್ಟಿತು. ಯಾರು ಹಾಡಿದ್ದು ಅಂದರೆ ಹೆಸರು ಹೇಳುವವರು ಸಿಗ್ತಾರೆ. ಇಡೀ ಸಿನಿಮಾ ತುಂಬ ನಾಯಕಿಯಾಗಿ ಮಾತಾಡಿದ್ದು ಯಾರು ಅಂದರೆ ಹೇಳುವವರು ಸಿಗೋದಿಲ್ಲ. ಕೆಲವು ನಿಮಿಷದ ಹಾಡಿಗೆ ಹೆಸರಿದೆ, ಎರಡೂವರೆ ತಾಸಿನ ಮಾತಿಗೆ ಇಲ್ಲ. ಇದು ಒಬ್ಬ ನಟಿಯ ಕೊರಗು ಅಂತ ನಾನು ಹೇಳ್ತಿಲ್ಲ. ನಮ್ಮ ಕೇಳುವಿಕೆಯ ದೋಷ ಅಂತ ಹೇಳ್ತಿದ್ದೀನಿ.

ಇನ್ನೊಂದು ವಿಚಿತ್ರ. ಇದೇ ಜಯಶ್ರೀ ರಾಜ್ಯಸಭೆಗೆ ಹೋದರು. ಅಲ್ಲಿ ಸದಸ್ಯರು ಆಡಿದ ಮಾತು ಹೆಸರಿನ ಸಮೇತ ನಡಾವಳಿಯಲ್ಲಿ ದಾಖಲಾಗುತ್ತದೆ. ಒಂದೇ ದನಿ. ಸಂಸತ್ತು ಅದರ ಲೆಕ್ಕ ಇಟ್ಟಿತು, ಸಿನಿಮಾ ಇಡಲಿಲ್ಲ.

5. ಕುರುಡವ್ವ ಮತ್ತು ಕರಿಮಾಯಿ: ನಮ್ಮ ಮಾತು ನಮಗೆ ಕೇಳಿದ ಬಗೆ

ಹಾಗಾದರೆ ಪರದೆಯ ಮೇಲೆ ಅವರ ಮುಖ ಮತ್ತು ದನಿ ಕೂಡಿ ಬಂದಾಗ ಏನಾಗುತ್ತದೆ? 1997ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ 'ನಾಗಮಂಡಲ' ನೋಡಬೇಕು. ಗಿರೀಶ ಕಾರ್ನಾಡರ ನಾಟಕ ಆಧಾರ. ಜಯಶ್ರೀ ಅದರಲ್ಲಿ ಕುರುಡವ್ವ. ನಾಟಕದಲ್ಲಿ ಈ ಮುದುಕಿಗೆ ಹುಟ್ಟಿನಿಂದ ಕಣ್ಣಿಲ್ಲ. ಮಗ ಕಪ್ಪಣ್ಣ ಹೊತ್ತು ತಿರುಗುತ್ತಾನೆ. ಗಂಡ ಬೀಗ ಹಾಕಿ ಹೋದ ಮನೆಯೊಳಗಿನ ರಾಣಿಯ ಹತ್ತಿರ ಹೊರಗಿನಿಂದ ಮಾತಾಡುವವಳು ಈಕೆ. ನೋಡಲಾರದವಳು, ಆದರೆ ಆ ಮನೆಯೊಳಗೆ ಏನು ನಡೆದಿದೆ ಅಂತ ಮೊದಲು ಅರಿತವಳು. ದನಿಯಿಂದ, ಮುಟ್ಟಿ ನೋಡಿ ಅರಿತವಳು.

ನಟನೆಯಲ್ಲಿ ಕಣ್ಣು ಅರ್ಧ ಆಸ್ತಿ. ಕ್ಯಾಮೆರಾದ ಮುಂದಂತೂ ಅರ್ಧಕ್ಕಿಂತ ಹೆಚ್ಚು. ಆ ಆಸ್ತಿಯನ್ನು ಬಿಟ್ಟುಕೊಟ್ಟು ಮಾಡಬೇಕಾದ ಪಾತ್ರ ಇದು. ಹಾಗಾಗಿ ಉಳಿಯೋದು ದನಿ, ಕತ್ತಿನ ಹೊರಳು, ಬೆರಳು. ಬಹಳ ದಿನ ಕತ್ತಲೆಯಲ್ಲಿ ನಿಂತು ಬೇರೆಯವರ ಮುಖಕ್ಕೆ ಮಾತಾದ ನಟಿಗೆ, ತನ್ನದೇ ಮುಖ ಸಿಕ್ಕಾಗ ಕಣ್ಣಿಲ್ಲದ ಪಾತ್ರ ಸಿಕ್ಕಿತು. ಇದು ಕಾಕತಾಳೀಯವೇ ಇರಬಹುದು. ಆದರೆ ಆ ಪಾತ್ರ ನೆನಪಿನಲ್ಲಿ ಉಳಿದದ್ದು ಕಾಕತಾಳೀಯ ಅಲ್ಲ.

ಇಲ್ಲಿ ನಮ್ಮ ಸೀಮೆಯವರ ಒಂದು ತಕರಾರನ್ನೂ ಎದುರಿಸಬೇಕು. ನಾಗಮಂಡಲದ ಮಾತು ಉತ್ತರ ಕರ್ನಾಟಕದ್ದು. 'ಕರಿಮಾಯಿ' ಚಂದ್ರಶೇಖರ ಕಂಬಾರರ ಕಾದಂಬರಿ. ಅದರ ಶಿವಾಪುರದ ಮಾತು ಬೆಳಗಾವಿ ಸೀಮೆಯದು, ಅಂದರೆ ನಮ್ಮ ಮಗ್ಗುಲಿನದು. ಜಯಶ್ರೀ ಬೆಂಗಳೂರಿನವರು. ನಮ್ಮ ಮಾತನ್ನು ಬೆಂಗಳೂರಿನವರು ಆಡಿದರೆ ಅದು ನಮ್ಮದೇ ಆಗ್ತದೇನು? ತಕರಾರು ಸುಳ್ಳಲ್ಲ. ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಭಾಷೆ ಎಷ್ಟೋ ಸಲ ನಗಿಸುವವನ ಬಾಯಲ್ಲೇ ಬರೋದು. ವಾಕ್ಯ ಪೂರ್ತಿ ಮೈಸೂರಿನದು, ಕೊನೆಗೆ ಒಂದು 'ಐತಿ', ನಡುವೆ ಒಂದು 'ಮಗನ'. ಆಗಿಹೋಯ್ತು ಉತ್ತರ ಕರ್ನಾಟಕ! ನಾವು ನಗ್ತೀವಿ, ಆದರೆ ಒಳಗೆ ಎಲ್ಲೋ ಚುಚ್ಚತದ.

ಕರಿಮಾಯಿ ಪ್ರಯೋಗದ ವಿಷಯದಲ್ಲಿ ನನ್ನ ಕಿವಿಗೆ ಬೇರೆ ಕೇಳಿಸಿತು. ನಮ್ಮ ಮಾತಿನ ಗುಟ್ಟು ಕ್ರಿಯಾಪದದ ಕೊನೆಯಲ್ಲಿಲ್ಲ, ಅದರ ಇಳಿತದಲ್ಲಿದೆ. ವಾಕ್ಯ ಎತ್ತರದಲ್ಲಿ ಶುರುವಾಗಿ, ನಡುವೆ ಒಂದು ಸಣ್ಣ ನಿಲುಗಡೆಗೆ ನಿಂತು, ಕೊನೆಗೆ ಎಸೆದ ಹಾಂಗ ಬೀಳ್ತದ. ಬೀಸುಕಲ್ಲಿನ ಹಾಡು ಕೇಳಿದವರಿಗೆ ಈ ಬೀಳು ಗೊತ್ತು. ಜಯಶ್ರೀ ಹಿಡಿದದ್ದು ಈ ಬೀಳನ್ನು. ಹಾಡಿನಿಂದ ಮಾತಿಗೆ ಇಳಿಯುವ ಕಂಪನಿ ಕಲೆ ಗೊತ್ತಿದ್ದವರಿಗೆ ಇದು ಸಾಧ್ಯ. ಹಾಗಾಗಿ ಅಲ್ಲಲ್ಲಿ ಒಂದು ಶಬ್ದ ನಮ್ಮದಲ್ಲ ಅನ್ನಿಸಿದರೂ ದನಿ ನಮ್ಮದು ಅನ್ನಿಸ್ತದ. ಎಲ್ಲಾ ಕಡೆ ಹೀಗೇ ಆಗಿದೆ ಅಂತ ಅಲ್ಲ. ಕಿಕ್ಕಿರಿದ ಗುಂಪಿನ ದೃಶ್ಯಗಳಲ್ಲಿ, ಉಳಿದ ನಟರು ಶಬ್ದವನ್ನಷ್ಟೇ ಹಿಡಿದು ಓಡುವಾಗ, ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸ್ತದ. ಇಂಥ ವ್ಯತ್ಯಾಸವನ್ನು ಗುರುತಿಸಿ ಹೇಳುವುದೇ ವಿಮರ್ಶೆಯ ಕೆಲಸ. ನಾವು "ಸಹಜ ಅಭಿನಯ", "ಮನೋಜ್ಞ ಅಭಿನಯ" ಅಂತ ಬರೆದು ಮುಗಿಸಿಬಿಡ್ತೀವಿ.

6. ಹೇಳಿದವರು, ಬರೆದವರು

ಈಗ ಪುಸ್ತಕದ ರೂಪಕ್ಕೆ ಬರ್ತೀನಿ. ಇದು ಹೇಳಿದ ಕಥನ. ನಟಿ ಹೇಳಿದ್ದಾರೆ, ಇನ್ನೊಬ್ಬ ಹೆಣ್ಣುಮಗಳು ಬರಹಕ್ಕೆ ತಂದಿದ್ದಾರೆ. ಮತ್ತೆ ದನಿಯ ಪ್ರಶ್ನೆಯೇ! ಜೀವನಪೂರ್ತಿ ಬೇರೆಯವರಿಗೆ ದನಿ ಕೊಟ್ಟವರು, ಕೊನೆಗೆ ತಮ್ಮ ಮಾತಿಗೆ ಬೇರೆಯವರ ಕೈ ಪಡೆದರು.

ನಮ್ಮ ನೆರೆಯ ಮರಾಠಿಯಲ್ಲಿ ಇದಕ್ಕೆ ದೊಡ್ಡ ಪೂರ್ವಜೆ ಇದ್ದಾರೆ. ಹಂಸಾ ವಾಡಕರ್ ಅವರ 'ಸಾಂಗತ್ಯೇ ಐಕಾ'. ಅಂದರೆ 'ಹೇಳ್ತೀನಿ ಕೇಳ್ರಿ'. ಅವರದೇ 1959ರ ಸಿನಿಮಾದ ಹೆಸರನ್ನು ಆತ್ಮಕಥೆಗೆ ಇಟ್ಟರು. ಬರೆದುಕೊಂಡವರು ಅರುಣ್ ಸಾಧು. ಪುಸ್ತಕ 1970ರಲ್ಲಿ ಬಂತು, ಮರುವರ್ಷ ಅವರು ತೀರಿಕೊಂಡರು. 1977ರಲ್ಲಿ ಶ್ಯಾಮ್ ಬೆನೆಗಲ್ ಅದನ್ನು ಆಧರಿಸಿ 'ಭೂಮಿಕಾ' ಮಾಡಿದಾಗ ಚಿತ್ರಕಥೆಗೆ ಕೈ ಸೇರಿಸಿದವರಲ್ಲಿ ನಮ್ಮ ಕಾರ್ನಾಡರೂ ಒಬ್ಬರು. ಅಂದರೆ ಆಕೆಯ ಬಾಯಿಮಾತು ಒಬ್ಬ ಲೇಖಕರ ಬರಹವಾಯಿತು, ಆಮೇಲೆ ಮೂವರು ಗಂಡಸರ ಚಿತ್ರಕಥೆ ಆಯಿತು, ಕೊನೆಗೆ ಸ್ಮಿತಾ ಪಾಟೀಲರ ಮುಖ ಆಯಿತು. ಪ್ರತಿ ಮೆಟ್ಟಿಲಲ್ಲೂ ಏನೋ ಸೇರಿತು, ಏನೋ ಸೋರಿತು.

ಕನ್ನಡದಲ್ಲಿ ಬೇರೆ ದಾರಿಯೂ ಇದೆ. ಭಾರ್ಗವಿ ನಾರಾಯಣ್ (1938–2022) ಅವರ 'ನಾ ಕಂಡ ನಮ್ಮವರು' ಅದಕ್ಕೆ ಉದಾಹರಣೆ. ಇಎಸ್‌ಐನಲ್ಲಿ ನೌಕರಿ, ಮೇಕಪ್ ನಾಣಿ ಅವರ ಜೊತೆ ಸಂಸಾರ, ಹವ್ಯಾಸಿ ರಂಗಭೂಮಿ, ಸಿನಿಮಾ, ಕಿರುತೆರೆ ಎಲ್ಲವನ್ನೂ ಒಟ್ಟಿಗೆ ನಡೆಸಿದವರು. ಶೀರ್ಷಿಕೆ ನೋಡ್ರಿ: ಅದರಲ್ಲಿ 'ನಾನು' ಇರೋದು ನೋಡುವವಳಾಗಿ ಮಾತ್ರ, ಕಥೆ 'ನಮ್ಮವರ'ದು. ಹಂಸಾ 'ಕೇಳ್ರಿ' ಅಂತ ಎದುರು ಕೂಡಿಸಿಕೊಳ್ತಾರೆ. ಭಾರ್ಗವಿ 'ನೋಡ್ರಿ, ಇವರೆಲ್ಲ ನಮ್ಮವರು' ಅಂತ ಬೇರೆಯವರ ಕಡೆ ಬೆರಳು ತೋರಿಸ್ತಾರೆ. ಜಯಶ್ರೀ 'ಹುಡುಕ್ರಿ' ಅಂತಾರೆ. ಮೂರು ಹೆಸರುಗಳು, ತನ್ನ ಬಗ್ಗೆ ಮಾತಾಡಬೇಕಾದ ನಟಿ ಹೂಡಿದ ಮೂರು ಉಪಾಯಗಳು. ಗಂಡಸು ನಟನಿಗೆ 'ನನ್ನ ಬಣ್ಣದ ಬದುಕು' ಅಂತ ನೇರ ಹೇಳಿಬಿಡೋದು ಸುಲಭ. ಹೆಣ್ಣಿಗೆ ಆ 'ನನ್ನ' ಅನ್ನೋದಕ್ಕೆ ಒಂದು ಸುತ್ತುದಾರಿ ಬೇಕಾಗ್ತದ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಜಯಶ್ರೀ ಅವರಿಗೆ ಗುಬ್ಬಿ ಎಂಬ ಹೆಸರಿನ ಬೆನ್ನೆಲುಬು ಇತ್ತು, ದಿಲ್ಲಿಯ ಓದು ಇತ್ತು, ಬೆಂಗಳೂರು ಇತ್ತು. ಅದಕ್ಕೇ ಅವರ ಹಿನ್ನೋಟ ಪುಸ್ತಕವಾಯಿತು. ಇದು ಅವರ ಸಾಧನೆಯನ್ನು ಕಡಿಮೆ ಮಾಡೋದಿಲ್ಲ. ಆದರೆ ಎಸ್‌ಟಿ ಸ್ಟ್ಯಾಂಡಿನಲ್ಲಿ ಅರ್ಧ ಕಪ್ ಚಾ ಕೇಳಿದ ನಟಿಗೆ ಇದಾವುದೂ ಇರಲಿಲ್ಲ. ಜಯಶ್ರೀ ಅವರ ದನಿ ಬೇರೆಯವರ ಮುಖದ ಹಿಂದೆಯಾದರೂ ಸಿನಿಮಾದ ಪಟ್ಟಿಯಲ್ಲಿ ಉಳಿದಿದೆ, ಹುಡುಕಿದರೆ ಕೇಳಬಹುದು. ಈಕೆಯ ದನಿ ಜಾತ್ರೆಯ ಗಾಳಿಯಲ್ಲಿ ಹೋಯಿತು. ಆತ್ಮಕಥನಗಳ ವಿಮರ್ಶೆ ಬರೆದ ಪುಸ್ತಕಗಳಿಗೆ ಮಾತ್ರ ಸೀಮಿತವಾದರೆ ನಮಗೆ ಸಿಗುವುದು ಬರೆಸಿಕೊಳ್ಳಲು ಸಾಧ್ಯವಾದವರ ಚರಿತ್ರೆ ಮಾತ್ರ.

7. ಮುಂದೇನು

ಮೂರು ಸಣ್ಣ ಸಲಹೆಗಳು. ಮೊದಲನೆಯದು, ಹಳೆಯ ಕನ್ನಡ ಚಿತ್ರಗಳ ಮಾಹಿತಿ ಕಟ್ಟುವಾಗ 'ದನಿ' ಅಂತ ಒಂದು ಪ್ರತ್ಯೇಕ ಅಂಕಣ ಇಡಬೇಕು, ದನಿ ಕೊಟ್ಟ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ತುಂಬಿಸಬೇಕು. ಎರಡನೆಯದು, 'ಕಂಠದಾನ' ಬಿಟ್ಟು 'ದನಿ ನಟನೆ' ಅಂತ ಕರೆಯೋಣ. ಶಬ್ದ ಬದಲಾದರೆ ಕೂಲಿ ಬದಲಾಗೋದಿಲ್ಲ, ಖರೇ. ಆದರೆ ವಿಮರ್ಶಕ ಏನನ್ನು ಕೇಳಿಸಿಕೊಳ್ಳಬೇಕು ಅನ್ನೋದು ಬದಲಾಗ್ತದ. ಮೂರನೆಯದು ನಮ್ಮ ಗಡಿಭಾಗದ ಕಾಲೇಜುಗಳಿಗೆ: ಹಿರಿಯ ಕಂಪನಿ ನಟಿಯರನ್ನು ಮಾತಾಡಿಸುವಾಗ ಬರೆದುಕೊಂಡಷ್ಟಕ್ಕೇ ನಿಲ್ಲಿಸಬೇಡ್ರಿ. ದನಿಮುದ್ರಣ ಮಾಡ್ರಿ. ಒಂದು ಪಾತ್ರದ ಒಂದು ಮಾತನ್ನಾದರೂ ಅವರ ಬಾಯಲ್ಲೇ ಹೇಳಿಸ್ರಿ. ಬರಹ ಆಮೇಲೆ ಯಾವಾಗಾದರೂ ಮಾಡಬಹುದು. ದನಿಗೆ ಆಮೇಲೆ ಅನ್ನೋದಿಲ್ಲ.

ಚರ್ಚೆಯಿಂದ

ಪ್ರಶ್ನೆ: ಸರ್, ಡಬ್ಬಿಂಗ್ ಒಂದು ಕರಾರಿನ ಕೆಲಸ. ಹಣ ಪಡೆದು ಮಾಡ್ತಾರೆ. ಹೆಸರು ಇಲ್ಲ ಅನ್ನೋದನ್ನ ಅನ್ಯಾಯ ಅಂತ ನೋಡೋದು ನಮ್ಮ ಇವತ್ತಿನ ದೃಷ್ಟಿಯನ್ನು ಹಿಂದಕ್ಕೆ ಹೇರಿದ ಹಾಗಲ್ವಾ?

ಉತ್ತರ: ಒಳ್ಳೆಯ ಪ್ರಶ್ನೆ, ಮೇಡಂ. ಸಂಕಲನಕಾರರೂ ಕರಾರಿನ ಮೇಲೇ ಕೆಲಸ ಮಾಡ್ತಾರೆ, ಅವರ ಹೆಸರು ಪರದೆಯ ಮೇಲೆ ಬರ್ತದ. ಕರಾರು ಇದ್ದರೆ ಹೆಸರು ಬೇಡ ಅಂತೇನಿಲ್ಲ. ನಾನು ಯಾರನ್ನೂ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸ್ತಿಲ್ಲ. ಒಬ್ಬ ನಾಯಕಿಯ ಅಭಿನಯ ಚಂದ ಇತ್ತು ಅಂತ ನಾವು ಬರೆದಾಗ, ಅದರಲ್ಲಿ ಇಬ್ಬರ ಕೆಲಸ ಇತ್ತು ಅನ್ನೋದನ್ನ ತಿಳಿದು ಬರೀಬೇಕು. ಅದು ನ್ಯಾಯಕ್ಕಿಂತ ಮೊದಲು ಸತ್ಯದ ಪ್ರಶ್ನೆ. ತಿಳಿಯದೆ ಹೊಗಳಿದರೆ ನಮ್ಮ ವಿಮರ್ಶೆಯೇ ತಪ್ಪಾಗ್ತದ.

ಪ್ರಶ್ನೆ: ಬೇರೆಯವರು ನಿರೂಪಿಸಿದ ಆತ್ಮಕಥನವನ್ನು ನಟಿಯದೇ ಅಂತ ನಂಬಬಹುದಾ?

ಉತ್ತರ: ನಾಟಕವನ್ನೂ ಬೇರೆಯವರೇ ಬರೆದಿರ್ತಾರಲ್ರಿ. ನಟಿ ಅದನ್ನು ತನ್ನದು ಮಾಡಿಕೊಳ್ಳೋದು ದನಿಯಿಂದ. ಹಾಂಗೇ ಓದುವಾಗ ಯಾವ ವಾಕ್ಯ ಆಡುಮಾತಿನ ಉಸಿರಿನಲ್ಲಿದೆ, ಯಾವುದು ಬರಹದ ಶಿಸ್ತಿನಲ್ಲಿದೆ ಅಂತ ಕೇಳಿಸಿಕೊಳ್ತಾ ಹೋಗಬೇಕು. ಎರಡೂ ಇರ್ತಾವ. ಒಂದು ಖರೇ, ಇನ್ನೊಂದು ಸುಳ್ಳು ಅಂತಲ್ಲ.

ಪ್ರಶ್ನೆ: ನೀವು ಹೇಳಿದ ಆ ನಟಿಯನ್ನ ಆಮೇಲೆ ಹುಡುಕಿದಿರಾ?

ಉತ್ತರ: ಹುಡುಕಿದೆ. ನಾಟಕ ಕಲಿಸಿದ ಮಾಸ್ತರು ಈಗಿಲ್ಲ. ಅಂದು ಪ್ರಾಂಪ್ಟ್ ಮಾಡಿದವರು ಇದ್ದಾರೆ. ಅವರಿಗೆ ನಟಿಯ ಹೆಸರು ನೆನಪಿಲ್ಲ, ಊರು ನೆನಪಿಲ್ಲ. ಆದರೆ ಕೊನೆಯ ಪ್ರವೇಶದಲ್ಲಿ ಆಕಿ ಗೌಡನಿಗೆ ಹೇಳಿದ ಮಾತನ್ನು ಆಕಿ ಹೇಳಿದ ರಾಗದಲ್ಲೇ ನನಗೆ ಹೇಳಿ ತೋರಿಸಿದರು. ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡೀನಿ. ಗಂಡಸಿನ ಗಂಟಲಲ್ಲಿ, ಎರಡನೇ ಕೈಯಿಂದ ಬಂದದ್ದು. ಸದ್ಯಕ್ಕೆ ನನ್ನ ಹತ್ತಿರ ಇರೋದು ಅಷ್ಟೇ. ನಿಮ್ಮ ನಿಮ್ಮ ಊರಿನಲ್ಲಿ ಇಷ್ಟಾದರೂ ಉಳಿದಿದೆಯೇನು, ಕೇಳಿ ನೋಡ್ರಿ.